ಘಟ್ಟದ ಮೇಲೆ ಒಂದು ತೊಟ್ಟಿ ಸಮುದ್ರ

(ಶಿವಮೊಗ್ಗದಲ್ಲಿ ಅಕ್ವೇರಿಯಂ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಮೇಜಿನ ಮೇಲೆ ಮೂರು ಬಾಟಲಿ ಇಟ್ಟಿದ್ದೇನೆ. ಮೊದಲನೆಯದರಲ್ಲಿ ತುಂಗೆಯ ನಲ್ಲಿ ನೀರು. ಎರಡನೆಯದರಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಬಾವಿ ನೀರು. ಮೂರನೆಯದು ನನ್ನ ತೊಟ್ಟಿಯ ನೀರು. ಕಣ್ಣಿಗೆ ಮೂರೂ ಒಂದೇ. ‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುತ್ತಾ ಬೆಳೆದವರು ನಾವು. ಕುಡಿಯುವುದಕ್ಕೆ ಆ ಮೊದಲ ಬಾಟಲಿಗೆ ಸಾಟಿಯಿಲ್ಲ ಎಂದು ನಾನೂ ನಂಬಿದವನು. ಹವಳಕ್ಕೆ ಬೇಕಾದದ್ದು ಮಾತ್ರ ಮೂರನೆಯದು. ಅದರ ಒಂದೊಂದು ಲೀಟರಿನಲ್ಲೂ ಸುಮಾರು 35 ಗ್ರಾಂ ಲವಣ ಕರಗಿದೆ. ಆ ಲವಣದೊಳಗೆ 400 ಮಿಲಿಗ್ರಾಂ ದಾಟಿದ ಕ್ಯಾಲ್ಸಿಯಂ ಇದೆ, 1300 ಮಿಲಿಗ್ರಾಂನಷ್ಟು ಮೆಗ್ನೀಷಿಯಂ ಇದೆ.

ನಮ್ಮ ಬಾವಿ ನೀರು ಮೆದು ನೀರು. ಮಳೆ ಬೀಳುತ್ತದೆ, ಜಂಬಿಟ್ಟಿಗೆ ಮಣ್ಣಿನಲ್ಲಿ ಇಳಿಯುತ್ತದೆ, ಕರಗಿಸಿಕೊಳ್ಳಲು ಅಲ್ಲಿ ಸುಣ್ಣವೇ ಇಲ್ಲ. ತೋಟ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಣ್ಣು ಹುಳಿಯಾಗಿದೆ ಎಂದು ಅಡಿಕೆ ಬುಡಕ್ಕೆ ಸುಣ್ಣ ಹಾಕಿಸುವವರು ನೀವೇ. ಹವಳವೋ ಸುಣ್ಣದಿಂದಲೇ ಮನೆ ಕಟ್ಟಿಕೊಳ್ಳುವ ಪ್ರಾಣಿ. ಹಾಗಾಗಿ ಮಲೆನಾಡಿನಲ್ಲಿ ಸಮುದ್ರದ ಜೀವ ಸಾಕುತ್ತೇನೆ ಎಂದು ಹೊರಟವರು ಮೊದಲು ನೀರು ತಯಾರಿಸುವುದನ್ನು ಕಲಿಯಬೇಕು. ಆಮೇಲೆ ಅದನ್ನು ಅಲುಗದಂತೆ ಕಾಯುವುದನ್ನು ಕಲಿಯಬೇಕು. ನಾನು ಇವತ್ತು ಹೇಳುವುದೆಲ್ಲ ಈ ಎರಡನೆಯದರ ಸುತ್ತಲೇ ಇರುತ್ತದೆ.

ಹವಳ ಪ್ರಾಣಿ ಎಂದೆ. ಗಿಡದ ಹಾಗೆ ಕಾಣುವುದರಿಂದ ಹಲವರಿಗೆ ಇನ್ನೂ ಅನುಮಾನವಿದೆ. ಪಾಲಿಪ್ ಎಂಬ ಪುಟ್ಟ ಜೀವಿ, ಬಾಯಿ, ಬಾಯಿಯ ಸುತ್ತ ಎಳೆಗಳು, ಅಷ್ಟೇ. ಅದರ ಮಾಂಸದೊಳಗೆ ಝೂಕ್ಸಾಂಥೆಲ್ಲೆ ಎಂಬ ಒಂದೇ ಕೋಶದ ಪಾಚಿಗಳು ವಾಸವಾಗಿವೆ. ಬೆಳಕಿನಲ್ಲಿ ಅವು ಅಡುಗೆ ಮಾಡುತ್ತವೆ, ಹವಳ ಉಣ್ಣುತ್ತದೆ. ಕೆಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90 ಪಾಲಿನವರೆಗೆ ಈ ಪಾಚಿಯಿಂದಲೇ ಬರುತ್ತದೆ. ನೀರು ಬಿಸಿಯಾದರೆ ಈ ಸಂಬಂಧ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ತಳ್ಳಿ ಬಿಳಿಚಿಕೊಳ್ಳುತ್ತದೆ. ವರ್ಷದ ಅತಿ ಬಿಸಿ ತಿಂಗಳಿನ ಸರಾಸರಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಆದದ್ದು ಅದೇ. ನಿಮ್ಮ ಮನೆಯ ನಡುಕೋಣೆಯ ಮೂಲೆಯ ತೊಟ್ಟಿಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಗುವುದೂ ಅದೇ.

ಮುಂದೆ ಹೋಗುವ ಮೊದಲು ಒಂದು ವಿಷಯ ಹೇಳಿಬಿಡಬೇಕು. ಇದನ್ನು ಕೊನೆಗೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಕರಿ ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲ್ಗುದುರೆ, ಸಮುದ್ರ ಸೌತೆ ಎಲ್ಲವೂ ಅದರಲ್ಲಿವೆ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ. ಯೂಟ್ಯೂಬಿನಲ್ಲಿ ಹೊರದೇಶದವರು ತೋರಿಸುವ ಕವಲು ಕವಲಾದ ಬಣ್ಣದ ಹವಳಗಳನ್ನು ನೋಡಿ ಆಸೆಪಡುವುದು ಸಹಜ. ಯಾರಾದರೂ ಪೊಟ್ಟಣ ಕಟ್ಟಿ ರಾತ್ರಿ ಬಸ್ಸಿನಲ್ಲಿ ಕಳಿಸುತ್ತೇನೆ ಎಂದರೆ ಬೇಡ ಎನ್ನಿ. ‘ಲೈವ್ ರಾಕ್’ ಎಂದು ಮಾರುವ ಕಲ್ಲೂ ಬಹಳ ಸಲ ಸತ್ತ ಹವಳದ ದಿಂಡೇ. ಅದರ ಬದಲು ಸೆರಾಮಿಕ್ ಕಲ್ಲು ಸಿಗುತ್ತದೆ, ನೀರಿನ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಕೂರಲು ಅದೇ ಸಾಕು. ಜಂಬಿಟ್ಟಿಗೆ ಕಲ್ಲಿಗೂ ತೂತುಗಳಿವೆಯಲ್ಲ, ಹಾಕಬಹುದೇ ಎಂದು ಇಲ್ಲಿ ಒಬ್ಬರು ಹೋದ ಸಲ ಕೇಳಿದ್ದರು. ಬೇಡ. ಅದರಲ್ಲಿ ಕಬ್ಬಿಣವಿದೆ, ಜೇಡಿಯಿದೆ, ನೀರಿಗೆ ಬಿಟ್ಟುಕೊಂಡು ಪಾಚಿಗೆ ಹಬ್ಬ ಮಾಡುತ್ತದೆ.

ಹಾಗಾದರೆ ಏನನ್ನು ಸಾಕಬಹುದು? ಮೆದು ಹವಳಗಳಿವೆ: ಲೆದರ್ ಕೋರಲ್, ಮಶ್ರೂಮ್, ಝೋವಾಂಥಿಡ್. ಇವಕ್ಕೂ ಎಲ್ಲಿಂದ ಬಂತು ಎಂಬ ಕಾಗದ ಕೇಳಿ, ಅನುಮಾನವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಆಮೇಲೆ ದುಡ್ಡು ಕೊಡಿ. ಮೀನಿನ ವಿಷಯಕ್ಕೆ ಬಂದರೆ ಕ್ಲೌನ್ ಮೀನಿನಿಂದ ಶುರು ಮಾಡಿ. ಅದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ನಮ್ಮಲ್ಲೇ ರೂಪಿಸಿದ್ದಾರೆ. ಅಂಗಡಿಯಲ್ಲಿ ನಿಮ್ಮ ಮೊದಲ ಪ್ರಶ್ನೆ ಬೆಲೆಯದ್ದಾಗದಿರಲಿ, ‘ಹ್ಯಾಚರಿ ಮರಿಯೋ, ಸಮುದ್ರದಿಂದ ಹಿಡಿದದ್ದೋ’ ಎನ್ನುವುದಾಗಲಿ. ಹ್ಯಾಚರಿ ಮರಿ ತೊಟ್ಟಿಯಲ್ಲೇ ಹುಟ್ಟಿದ್ದು, ಒಣ ಆಹಾರ ತಿಂದು ಬೆಳೆದದ್ದು. ಮನೆಗೆ ಬಂದ ದಿನವೇ ಉಣ್ಣುತ್ತದೆ.

ಹೊಳೆ, ಸಮುದ್ರದ ಜೀವವನ್ನು ಅಲ್ಲೇ ಬಿಡಿ ಎನ್ನುವ ಈ ಮಾತು ನಮಗೆ ಹೊಸದಾಗಬಾರದು. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಶೃಂಗೇರಿಯ ಹೊಳೆಯ ಮೆಟ್ಟಿಲ ಬಳಿ ಮಂಡಕ್ಕಿ ಎಸೆದವರು ನಾವು. ಕಾಲಿಗೆ ತಾಗುವಷ್ಟು ಹತ್ತಿರ ಬರುವ ಅಷ್ಟು ದೊಡ್ಡ ಮೀನನ್ನು ಯಾರೂ ಹಿಡಿಯುವುದಿಲ್ಲ, ಅದು ದೇವರ ಮೀನು. ಚಿಕ್ಕಂದಿನಲ್ಲಿ ನನ್ನಜ್ಜಿ ಕೈ ಹಿಡಿದು ಅಲ್ಲಿ ನಿಲ್ಲಿಸಿ, ‘ನೋಡು, ಮುಟ್ಟಬೇಡ’ ಎನ್ನುತ್ತಿದ್ದಳು. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಅದರ ಬುಡದಲ್ಲಿ ಹವಳವಿದೆ. ಅಲ್ಲಿ ನೀರಿಗೆ ಇಳಿದಾಗ ನನಗೆ ಕೇಳಿಸಿದ್ದೂ ಅಜ್ಜಿಯ ಅದೇ ಎರಡು ಮಾತು.

ಸರಿ, ನೀರಿಗೆ ಬರೋಣ. ಹಿಂದಿನ ಸಾಲಿನವರು ಕೇಳುತ್ತಿದ್ದಾರೆ, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪನ್ನು ಬಾವಿ ನೀರಿಗೆ ಹಾಕಿದರೆ ಸಮುದ್ರದ ನೀರು ಆಗುವುದಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ. ಉಪ್ಪಿನಾಗರದಲ್ಲಿ ಸಮುದ್ರದ ನೀರನ್ನು ಬಿಸಿಲಿಗೆ ಬಿಟ್ಟಾಗ ಎಲ್ಲ ಲವಣವೂ ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಮೊದಲು ಸುಣ್ಣದ ಅಂಶ ಕೆಳಗೆ ಕೂರುತ್ತದೆ, ಆಮೇಲೆ ಜಿಪ್ಸಂ, ಆಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಷಿಯಂ ಉಳಿದ ಕಹಿ ನೀರಿನಲ್ಲಿ ಹೊರಗೆ ಹೋಗುತ್ತದೆ. ಆಗರದವರ ಜಾಣತನವೇ ಇವುಗಳನ್ನು ಬೇರೆ ಮಾಡುವುದರಲ್ಲಿದೆ. ಹವಳಕ್ಕೆ ಬೇಕಾದ ಎರಡನ್ನೂ ತೆಗೆದ ಮೇಲೆ ಉಳಿದ ಹರಳು ಅದು. ಸಾರಿಗೆ ಒಳ್ಳೆಯದು, ತೊಟ್ಟಿಗೆ ಆಗದು. ಅಕ್ವೇರಿಯಂಗೆಂದೇ ಮಾಡಿದ ಸಮುದ್ರ ಲವಣದ ಮಿಶ್ರಣ ಕೊಳ್ಳಬೇಕು. ನೂರು ಲೀಟರಿಗೆ ಮೂರೂವರೆ ಕಿಲೋದ ಮೇಲೆ ತುಸು ಹಿಡಿಯುತ್ತದೆ.

ಹೊನ್ನಾವರಕ್ಕೋ ಮುರುಡೇಶ್ವರಕ್ಕೋ ಹೋಗಿ ಕ್ಯಾನಿನಲ್ಲಿ ನೀರು ತರಬಹುದಲ್ಲ ಎಂದರೆ, ದಡದ ನೀರು ನಂಬಿಕೆಗೆ ಅರ್ಹವಲ್ಲ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಇಂಥ ನದಿಗಳ ಸಿಹಿನೀರು, ಕೆಂಪು ಮಣ್ಣು ಎಲ್ಲ ಅಲ್ಲೇ. ಘಟ್ಟದ ಮೇಲೆ ಗುಡ್ಡ ಬೋಳಾದರೆ ಕೆಳಗೆ ಹವಳದ ಮೇಲೆ ಹೂಳು ಕೂರುತ್ತದೆ ಎನ್ನುವುದನ್ನೂ ಇಲ್ಲೇ ನೆನಪಿಟ್ಟುಕೊಳ್ಳಿ.

ಮಿಶ್ರಣಕ್ಕೆ ಬಳಸುವ ನೀರು ಆರ್‌ಓ (ಸೂಕ್ಷ್ಮ ಪೊರೆಯ ಸೋಸುಕ) ಮತ್ತು ಡಿಐ (ಉಳಿದ ಲವಣ ಹೀರುವ ಸೋಸುಕ) ಎರಡರಲ್ಲೂ ಸೋಸಿರಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನಲ್ಲಿ ನೀರಿನ ಕ್ಲೋರಿನ್ ಇದರಲ್ಲೇ ಹೋಗುತ್ತದೆ. ಲವಣ ಬೆರೆಸಿದ ಮೇಲೆ ಸಾಂದ್ರತೆ 1.025 ರಿಂದ 1.026. ಅಳೆಯಲು ಮುಳ್ಳು ತೇಲುವ ಪ್ಲಾಸ್ಟಿಕ್ ಡಬ್ಬಿ ಬೇಡ, ಬೆಳಕು ಬಾಗುವುದನ್ನು ನೋಡಿ ಲವಣ ಅಳೆಯುವ ರಿಫ್ರಾಕ್ಟೊಮೀಟರ್ ಇರಲಿ. ಇದೊಂದಕ್ಕೆ ದುಡ್ಡು ಉಳಿಸಬೇಡಿ.

ಇನ್ನು ನಮ್ಮ ಕಾಲಗಳು. ಹೊರಗಿನ ಯಾವ ಪುಸ್ತಕದಲ್ಲೂ ಇದು ಸಿಗುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು ನಿಮಗೆ ಗೊತ್ತು. ತೊಟ್ಟಿಯ ನೀರು 24 ರಿಂದ 27 ಡಿಗ್ರಿಯೊಳಗೆ ಇರಬೇಕು. ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಣ್ಣಿನ ಹೂಜಿ ತಂಪಾಗುವ ಹಾಗೆ. ಆದರೆ ತಂಪಿನ ಬೆಲೆ ಆವಿ. ನನ್ನ 200 ಲೀಟರಿನ ತೊಟ್ಟಿ ಆ ದಿನಗಳಲ್ಲಿ ದಿನಕ್ಕೆ ಐದಾರು ಲೀಟರ್ ಕಳೆದುಕೊಳ್ಳುತ್ತದೆ. ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಿಸಬೇಕಾದದ್ದು ಸಿಹಿನೀರು. ಇಲ್ಲಿ ತಪ್ಪಿ ಉಪ್ಪುನೀರು ಹಾಕಿದವರು ಬಹಳ ಜನ. ಒಂದೇ ದಿನ ಮರೆತರೂ ಲವಣಾಂಶ 35 ಇದ್ದದ್ದು 36 ಆಗಿರುತ್ತದೆ. ಫ್ಲೋಟ್ ಸ್ವಿಚ್ ಹಾಕಿದ ಸಣ್ಣ ಪಂಪ್ ಇದ್ದರೆ ಅದು ತಾನೇ ನೋಡಿಕೊಳ್ಳುತ್ತದೆ.

ಆರಿದ್ರೆ, ಪುನರ್ವಸು ಮಳೆ ಹಿಡಿದ ಮೇಲೆ ಎಲ್ಲ ತಿರುವುಮುರುವು. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ. ಹಾಕಿದ ಬಟ್ಟೆ ಒಣಗದ ಕಾಲದಲ್ಲಿ ತೊಟ್ಟಿಯ ನೀರೂ ಆವಿಯಾಗುವುದಿಲ್ಲ, ದಿನಕ್ಕೆ ಒಂದು ಲೀಟರ್ ಹೋದರೆ ಹೆಚ್ಚು. ಫ್ಯಾನ್ ತೆಗೆಯಿರಿ. ಆಗಿನ ತೊಂದರೆ ಬೇರೆ: ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಮನೆಯೊಳಗೆ ನಮ್ಮೆಲ್ಲರ ಉಸಿರು, ಒಲೆಯ ಗಾಳಿ. ಆ ಇಂಗಾಲದ ಡೈಆಕ್ಸೈಡ್ ತೊಟ್ಟಿಗೆ ಇಳಿದು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಕುಸಿಯುತ್ತದೆ. 8.2 ಇದ್ದದ್ದು 7.8 ಆಗುವುದನ್ನು ನಾನು ಪ್ರತಿ ಜುಲೈನಲ್ಲಿ ನೋಡುತ್ತೇನೆ. ಇದಕ್ಕೆ ಔಷಧಿ ಸುರಿಯಬೇಡಿ. ಗಾಳಿಗುಳ್ಳೆಯ ನೊರೆಯಲ್ಲಿ ಕೊಳೆ ತೆಗೆಯುವ ಯಂತ್ರವಾದ ಪ್ರೋಟೀನ್ ಸ್ಕಿಮ್ಮರ್ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಕಿಟಕಿಯ ಸಂದಿಯಿಂದ ಹೊರಗೆ ಬಿಡಿ. ಮಲೆನಾಡಿನ ಮಳೆಗಾಲದ ಗಾಳಿಗಿಂತ ಶುಭ್ರವಾದದ್ದು ಇನ್ನೆಲ್ಲಿ ಸಿಗಬೇಕು? ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣದ ಯಂತ್ರ ಆ ಕೋಣೆಯಲ್ಲಿ ಬೇಡವೇ ಬೇಡ. ಅದರೊಳಗಿನ ಪೈರೆತ್ರಾಯ್ಡ್ ಸೀಗಡಿ ಜಾತಿಗೆ ಕಡುವಿಷ, ಸ್ಕಿಮ್ಮರ್ ಅದನ್ನು ಗಾಳಿಯ ಜೊತೆಗೇ ಒಳಗೆ ಎಳೆಯುತ್ತದೆ. ಸೊಳ್ಳೆ ಪರದೆ ಕಟ್ಟಿ.

ಡಿಸೆಂಬರ್ ಬಂದರೆ ಬೆಳಗಿನ ಜಾವ ಮೈ ಕೊರೆಯುವ ಚಳಿ. ಸಮುದ್ರದ ಪ್ರಾಣಿಗೆ ಇಂಥ ರಾತ್ರಿಯ ಪರಿಚಯವೇ ಇಲ್ಲ, ಹೀಟರ್ ಬೇಕು. ನನ್ನ ಬದುಕಿನ ಅತಿ ಕೆಟ್ಟ ತಪ್ಪು ನಡೆದದ್ದು ಅಂಥ ಒಂದು ಚಳಿಯಲ್ಲೇ.

ಆಗ ತೊಟ್ಟಿ ಹಳೇ ಮನೆಯಲ್ಲಿತ್ತು. ನೀರು ಬದಲಿಸುವ ದಿನ. ಸೋಸಿದ ನೀರು ಹಿಮದ ಹಾಗೆ ತಣ್ಣಗಿತ್ತು. ಬಚ್ಚಲುಮನೆಯಲ್ಲಿ ಒಲೆ ಉರಿಯುತ್ತಿತ್ತು, ಹಂಡೆ ಖಾಲಿಯಾಗಿತ್ತು. ಸೋಸಿದ ನೀರನ್ನು ಹಂಡೆಗೆ ಸುರಿದು ಬೆಚ್ಚಗೆ ಮಾಡಿ, ಆಮೇಲೆ ಲವಣ ಬೆರೆಸಿ ತೊಟ್ಟಿಗೆ ಹಾಕಿದೆ. ಮರುದಿನ ಬೆಳಿಗ್ಗೆ ಎರಡು ಕ್ಲೀನರ್ ಸೀಗಡಿಗಳು ಮರಳಿನ ಮೇಲೆ ಅಡ್ಡ ಬಿದ್ದಿದ್ದವು. ಸಂಜೆಯೊಳಗೆ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಲೆದರ್ ಹವಳ ಮುಷ್ಟಿಯ ಹಾಗೆ ಮುದುಡಿಕೊಂಡಿತು. ಮೀನುಗಳು ಮಾತ್ರ ಏನೂ ಆಗದ ಹಾಗೆ ಓಡಾಡುತ್ತಿದ್ದವು. ಮೀನು ಬದುಕಿ ಬೆನ್ನೆಲುಬಿಲ್ಲದವು ಸತ್ತರೆ ಮೊದಲು ಅನುಮಾನಿಸಬೇಕಾದದ್ದು ತಾಮ್ರವನ್ನು. ನಮ್ಮ ಹಂಡೆ ತಾಮ್ರದ್ದು. ಏನೂ ಕರಗಿರದ ಆ ಸೋಸಿದ ನೀರು ಬಿಸಿಯಾಗುತ್ತಾ ಹಂಡೆಯ ಒಡಲಿನಿಂದಲೇ ತಾಮ್ರ ಎಳೆದುಕೊಂಡಿತ್ತು. ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ದಿನ ಬಿಟ್ಟು ದಿನ ನೀರು ಬದಲಿಸಿದೆ. ಹವಳ ಮತ್ತೆ ಬಿಚ್ಚಿಕೊಳ್ಳಲು ಐದು ವಾರ ಹಿಡಿಯಿತು. ಸತ್ತವು ಸತ್ತವೇ. ಆ ಸೀಗಡಿಗಳು ನನ್ನ ಬೆರಳಿನ ಮೇಲೆ ಹತ್ತಿ ಉಗುರು ಸ್ವಚ್ಛ ಮಾಡುತ್ತಿದ್ದವು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ಮಲೆನಾಡಿನವರು ತಾಮ್ರದ ಬಗ್ಗೆ ಬೇರೆಯವರಿಗಿಂತ ಎರಡು ಪಟ್ಟು ಜಾಗ್ರತೆಯಾಗಿರಬೇಕು. ಮನೆಯಲ್ಲಿ ಹಂಡೆ, ತೋಟದಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್). ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಡಿಕೆ ಉಳಿದದ್ದು ಅದರಿಂದ. ಆದರೆ ಔಷಧಿ ಹೊಡೆದ ವಾರ ತೋಟದ ಪಕ್ಕದ ಮಾಡಿನಿಂದ ಇಳಿದ ಮಳೆನೀರನ್ನು ತೊಟ್ಟಿಗೆ ಬಳಸಬೇಡಿ, ಔಷಧಿ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಮುಟ್ಟಬೇಡಿ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಔಷಧಿಗಳಲ್ಲೂ ತಾಮ್ರವಿರುತ್ತದೆ. ಕಾಯಿಲೆ ಮೀನನ್ನು ಬೇರೆ ತೊಟ್ಟಿಗೆ ಹಾಕಿ ಅಲ್ಲಿ ಚಿಕಿತ್ಸೆ ಮಾಡಿ, ಹವಳವಿರುವ ನೀರಿಗೆ ಒಂದು ಹನಿಯೂ ಬೀಳಬಾರದು.

ಬೋರ್ಡೋದ ಇನ್ನೊಂದು ಅರ್ಧ ಸುಣ್ಣ. ಅದು ನಮ್ಮ ಕಡೆಯದ್ದು. ಎಲೆ ಅಡಿಕೆಗೆ ಸುಣ್ಣ ಬೇಯಿಸಿ ಕರಂಡಕದಲ್ಲಿ ಇಟ್ಟವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸುಣ್ಣದ ನೀರನ್ನು ಅಲುಗಿಸದೆ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ, ಮೇಲ್ಮೈಯಲ್ಲಿ ತೆಳ್ಳಗೆ ಕೆನೆ ಕಟ್ಟುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ ಪೊರೆ ಅದು. ಹವಳದ ಎಲುಬೂ, ಬಸವನಹುಳುವಿನ ಚಿಪ್ಪೂ ಅದೇ ವಸ್ತು. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ತೊಟ್ಟಿಯಲ್ಲಿ ನಡೆಯುವುದು ಅದರ ಹಿಂದುಮುಂದು. ಈ ತಿಳಿನೀರನ್ನೇ ಜರ್ಮನ್ನರ ಮಾತಿನಲ್ಲಿ ಕಾಲ್ಕ್‌ವಾಸರ್ ಎಂದು ಜಗತ್ತಿನ ಹವಳ ಸಾಕುವವರು ಎಷ್ಟೋ ಜನ ಬಳಸುತ್ತಾರೆ. ಲೀಟರಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸಾಕು, ಅದಕ್ಕಿಂತ ಹೆಚ್ಚು ಕರಗುವುದೂ ಇಲ್ಲ. ನೂರು ಲೀಟರಿನ ತೊಟ್ಟಿಗೆ ಒಂದು ಲೀಟರ್ ತಿಳಿ ಹೋದರೆ ಕ್ಯಾಲ್ಸಿಯಂ 8 ಪಿಪಿಎಂನಷ್ಟು (ಲೀಟರಿಗೆ 8 ಮಿಲಿಗ್ರಾಂ), ಪಿಎಚ್ ಅಲುಗದಂತೆ ಹಿಡಿಯುವ ಕಾರ್ಬೊನೇಟಿನ ಅಳತೆಯಾದ ಕೆಎಚ್ ಒಂದು ಡಿಗ್ರಿಯಷ್ಟು ಏರುತ್ತದೆ. ಪಿಎಚ್ 12 ದಾಟಿದ ಕ್ಷಾರದ ನೀರು ಇದು. ಒಮ್ಮೆಲೇ ಸುರಿದರೆ ಸುಡುತ್ತದೆ. ರಾತ್ರಿ, ಪಿಎಚ್ ತಾನಾಗಿ ಇಳಿಯುವ ಹೊತ್ತಿನಲ್ಲಿ, ಗ್ಲೂಕೋಸ್ ಡ್ರಿಪ್ ಹಾಗೆ ಹನಿ ಹನಿಯಾಗಿ ಬಿಡಿ. ವೀಳ್ಯದ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬಳಸಬೇಡಿ, ಅದರಲ್ಲಿ ಬೇರೆ ಕಲ್ಮಶಗಳಿರುತ್ತವೆ. ಆಹಾರ ದರ್ಜೆಯದ್ದು ಸಿಗುತ್ತದೆ.

ಬರೀ ಮೆದು ಹವಳಗಳಿರುವ ತೊಟ್ಟಿಗೆ ಇಷ್ಟೂ ಬೇಕಾಗುವುದು ಅಪರೂಪ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿದರೆ ಸಾಕು. ಬಸವನಹುಳು ಹೆಚ್ಚಿದ್ದು, ಕಲ್ಲಿನ ಮೇಲೆ ನೇರಳೆ ಕೋರಲೈನ್ ಪಾಚಿ ಹಬ್ಬಿ, ಕೆಎಚ್ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮಾತ್ರ ಸುಣ್ಣಕ್ಕೆ ಕೈ ಹಾಕಿ. ಕೆಎಚ್ 8 ಇರಲಿ, 9 ಇರಲಿ, ಎರಡೂ ಒಳ್ಳೆಯದೇ. ಇವತ್ತು 8, ನಾಡಿದ್ದು 10, ಆಮೇಲೆ 7 ಎಂದು ಕುಣಿಯುವುದು ಕೊಲ್ಲುತ್ತದೆ.

ಬೆಳಕು, ಹರಿವಿನ ವಿಷಯ ಚುಟುಕಾಗಿ ಹೇಳುತ್ತೇನೆ. ನೀಲಿ ಹೆಚ್ಚಿರುವ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ. ಹೊಸ ಹವಳವನ್ನು ಮೊದಲು ತಳದಲ್ಲಿಟ್ಟು ವಾರಗಟ್ಟಲೆ ಸಮಯ ತೆಗೆದುಕೊಂಡು ಮೇಲೆ ತನ್ನಿ. ಗಾಜಿನ ಹೆಂಚಿನಿಂದ ಬಿಸಿಲು ಕೋಲು ನೇರ ಬೀಳುವ ಜಾಗದಲ್ಲಿ ತೊಟ್ಟಿ ಇಡಬೇಡಿ. ಮರದ ಮಾಳಿಗೆಯ ಮೇಲಂತೂ ಬೇಡ, 200 ಲೀಟರಿನ ತೊಟ್ಟಿ ಕಲ್ಲು, ಗಾಜು ಸೇರಿ ಮುನ್ನೂರು ಕಿಲೋ ಹತ್ತಿರ ತೂಗುತ್ತದೆ.

ಝೋವಾಂಥಿಡ್ ಕೊಳ್ಳುವವರು ಇದನ್ನು ಗಮನವಿಟ್ಟು ಕೇಳಿ. ಅವುಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ವಿಷ ಹೊತ್ತಿರುತ್ತವೆ, ಪ್ರಾಣಿಜಗತ್ತಿನ ಅತಿ ತೀವ್ರ ವಿಷಗಳಲ್ಲಿ ಒಂದು. ಮುಟ್ಟುವಾಗ ಗ್ಲೌಸ್, ಕನ್ನಡಕ ಬೇಕು. ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಮುಂದೂಡಿ. ನಮ್ಮ ಕಡೆ ಏನೇ ಶುದ್ಧ ಮಾಡಬೇಕಾದರೂ ಕುದಿಸುವ ಅಭ್ಯಾಸವಿದೆ. ಝೋವಾಂಥಿಡ್ ಬೆಳೆದ ಕಲ್ಲನ್ನು ಎಂದೂ ಕುದಿಸಬೇಡಿ, ಬಿಸಿ ನೀರಿನಲ್ಲಿ ಉಜ್ಜಬೇಡಿ. ಆವಿಯ ಜೊತೆ ವಿಷ ಉಸಿರಿಗೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ.

ಕರೆಂಟ್ ಹೋದರೆ ಏನು ಮಾಡುವುದು ಎಂದು ಮುಂದಿನ ಸಾಲಿನಲ್ಲಿ ಕೇಳುತ್ತಿದ್ದಾರೆ. ಮರ ಬಿದ್ದು ತಂತಿ ಹರಿದರೆ ಹಳ್ಳಿಗಳಲ್ಲಿ ಎರಡು ದಿನ ಕತ್ತಲೆ ಎನ್ನುವುದು ನಮಗೆ ಗೊತ್ತಿದೆ. ದೀಪ ಎರಡು ದಿನ ಇಲ್ಲದಿದ್ದರೂ ಹವಳ ಸಾಯುವುದಿಲ್ಲ. ಮೋಡ ಕವಿದ ಸಮುದ್ರವನ್ನು ಅದು ಕಂಡಿದೆ. ಹೀಟರೂ ಮಳೆಗಾಲದಲ್ಲಿ ಅಷ್ಟು ತುರ್ತಲ್ಲ. ತುರ್ತು ಇರುವುದು ಉಸಿರಿನದ್ದು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ ಏಳು ಮಿಲಿಗ್ರಾಂನೊಳಗೆ. ಅದನ್ನು ಮೀನು, ಸೀಗಡಿ, ಹವಳ, ಬ್ಯಾಕ್ಟೀರಿಯಾ ಎಲ್ಲ ಹಂಚಿಕೊಳ್ಳಬೇಕು. ಇನ್ವರ್ಟರಿಗೆ ಇಡೀ ತೊಟ್ಟಿಯನ್ನು ಕಟ್ಟಬೇಡಿ, 20 ವ್ಯಾಟಿನ ಒಂದು ವೇವ್‌ಮೇಕರ್, ಅಂದರೆ ನೀರು ಅಲುಗಿಸುವ ಪಂಪ್, ಅದನ್ನು ಮಾತ್ರ ಕಟ್ಟಿ. ಮನೆಯ ಸಾಮಾನ್ಯ 150 ಎಎಚ್ ಬ್ಯಾಟರಿಯಲ್ಲಿ ಬೇರೆ ಹೊರೆ ಇಲ್ಲದಿದ್ದರೆ ಒಂದು ದಿನದ ಹತ್ತಿರ ಓಡುತ್ತದೆ. ಅದೂ ನಿಂತರೆ ಪ್ಲಾಸ್ಟಿಕ್ ಚೊಂಬು ತೆಗೆದುಕೊಂಡು ನೀರನ್ನು ಎತ್ತರದಿಂದ ಮತ್ತೆ ತೊಟ್ಟಿಗೇ ಸುರಿಯುತ್ತಿರಿ, ಗಂಟೆಗೆ ಹತ್ತು ನಿಮಿಷ. ನಾನೂ ನನ್ನ ಮಗಳೂ ಒಂದು ಆಶ್ಲೇಷಾ ಮಳೆಯ ರಾತ್ರಿ ಸರದಿಯಲ್ಲಿ ಎದ್ದು ಬೆಳಗಿನವರೆಗೆ ಸುರಿದಿದ್ದೇವೆ. ಒಂದು ಜೀವವೂ ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಆಹಾರ ಮಾತ್ರ ಹಾಕಬೇಡಿ.

ನಾಳೆಯೇ ಶುರು ಮಾಡುತ್ತೇನೆ ಎನ್ನುವವರಿಗೆ: ತೊಟ್ಟಿಯಲ್ಲಿ ನೀರು ತುಂಬಿ, ಕಲ್ಲು, ಮರಳು ಇಟ್ಟು, ನಾಲ್ಕರಿಂದ ಆರು ವಾರ ಯಾವ ಪ್ರಾಣಿಯನ್ನೂ ಬಿಡಬೇಡಿ. ಸ್ವಲ್ಪ ಅಮೋನಿಯಾ ಹಾಕಿ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುವುದನ್ನು ಟೆಸ್ಟ್ ಕಿಟ್‌ನಲ್ಲಿ ದಿನಾ ಬರೆದಿಟ್ಟುಕೊಳ್ಳಿ. ಮೊದಲೆರಡು ಸೊನ್ನೆಗೆ ಬಂದ ಮೇಲೆ ಒಂದು ಬಸವನಹುಳು ಬಿಡಿ. ಬರುವ ಭಾನುವಾರ ನಮ್ಮ ಮನೆಯಲ್ಲಿ ನೀರು ಬದಲಿಸುವ ದಿನ. ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಲವಣ ಬೆರೆಸುವುದರಿಂದ ಹಿಡಿದು ಎಲ್ಲ ಮಾಡಿ ತೋರಿಸುತ್ತೇನೆ. ಸ್ವಚ್ಛವಾದ ಪ್ಲಾಸ್ಟಿಕ್ ಡಬ್ಬಿ ತನ್ನಿ, ಬ್ಯಾಕ್ಟೀರಿಯಾ ಕೂತ ಒಂದು ಹಿಡಿ ಮರಳು ಕೊಟ್ಟು ಕಳಿಸುತ್ತೇನೆ.